ಸಿದ್ದಪ್ಪ ಕೆಡಿಸಿದ ಸಮಾಧಾನ

ಮನಸ್ಸಿನ ಸ್ಥಿರತೆ ಕೂತಾಗ ಬರುತ್ತದೆ, ಎದ್ದಾಗ ಹೋಗುತ್ತದೆ. ನನಗಂತೂ ಚಾಪೆ ಸುತ್ತಿಡುವಷ್ಟರಲ್ಲೇ ಹೋಗಿರುತ್ತದೆ. ತಿಪಟೂರಿನ ಹೈಸ್ಕೂಲೊಂದರಲ್ಲಿ ಮೇಷ್ಟ್ರಾಗಿ ಕೂಗಾಡಿದ ಗಂಟಲು ನನ್ನದು. ನಿವೃತ್ತನಾದ ಮೇಲೆ ಕೂಗಾಡಲು ಉಳಿದವರು ಇಬ್ಬರೇ: ಹೆಂಡತಿ ಗಿರಿಜೆ ಮತ್ತು ವರ್ಷಕ್ಕೊಮ್ಮೆ ನಮ್ಮ ಕೊಬ್ಬರಿ ಸುಲಿಯಲು ಬರುವ ಸಿದ್ದಪ್ಪ. ಹೋದ ವರ್ಷ ಅವನು ಅರ್ಧ ಕೆಲಸಕ್ಕೇ ಎದ್ದುಹೋದ. ಒಳಗಿನ ಕೊಬ್ಬರಿ ಉಂಡೆ ಒಡೆಯದಂತೆ ಚಿಪ್ಪು ಬಿಡಿಸುವ ಅಂಥ ಕೈ ಈ ಸುತ್ತಿನಲ್ಲಿ ಇನ್ನೊಂದಿಲ್ಲ. "ನಿಮ್ಮ ಬಾಯಿಗೆ ಹೆದರಿ ಹೋದ. ಈ ಸಲವೂ ಹೋದರೆ ನೀವೇ ಸುಲಿದುಕೊಳ್ಳಿ" ಎಂದಳು ಗಿರಿಜೆ.

ಹಾಗಾಗಿ ಮೊಬೈಲಿನಲ್ಲಿ ಒಬ್ಬ ಗುರುಗಳು ಕಲಿಸುವ ಚೀನಾದ ತಾವೋ ಪೂಜಾವಿಧಿಗೆ ಸೇರಿಕೊಂಡೆ. ಅಂಗೈಯಲ್ಲೇ ಲಿಂಗವಿರುವಾಗ ಚೀನಾಕ್ಕೆ ಯಾಕೆ ಹೋದಿರಿ ಎಂದು ಗಿರಿಜೆ ಕೇಳಿದಳು. ಲಿಂಗಪೂಜೆ ನನಗೆ ಎಷ್ಟು ರೂಢಿಯೆಂದರೆ ಅದನ್ನು ಮಾಡುತ್ತಲೇ ಕೂಗಾಡಬಲ್ಲೆ, ಅದೇ ತೊಂದರೆ. ದಿನಾ ಬೆಳಗಿನ ಜಾವ ಅಟ್ಟದ ಕೆಳಗೆ ಮೂರು ಅಗರಬತ್ತಿ ಹಚ್ಚಿ, ನೀರು, ಟೀ, ಅಕ್ಕಿ ಇಟ್ಟು, ಉಸಿರನ್ನು ಹೊಕ್ಕುಳಿಗಿಳಿಸಿ ಕೂರುತ್ತಿದ್ದೆ. ಮೇಲೆ ಅಟ್ಟದಲ್ಲಿ ತೆಂಗಿನಕಾಯಿಗಳು, ಒಳಗಿನ ನೀರು ಇಂಗಿ ಕೊಬ್ಬರಿಯಾಗಲೆಂದು, ಸುಮಾರು ಒಂದು ವರ್ಷದಿಂದ ಅಲುಗಾಡದೆ ಕೂತಿದ್ದವು. ಅವುಗಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಪೂಜೆ ಮುಗಿದ ಮೇಲೂ ಒಳಗಿನ ಶಾಂತಿಯನ್ನು ಚೆಲ್ಲದೆ ದಿನವಿಡೀ ಹೊತ್ತು ತಿರುಗಬೇಕು ಎನ್ನುತ್ತಿದ್ದರು ಗುರುಗಳು. ಎಲ್ಲಿ ಹೊರುವುದು, ತಲೆಯಲ್ಲೋ ಹೊಟ್ಟೆಯಲ್ಲೋ, ನನಗೆ ತಿಳಿಯಲಿಲ್ಲ.

ಸಿದ್ದಪ್ಪ ಬಂದ ದಿನ ಅದನ್ನು ಬಾಯಲ್ಲಿ ಹೊತ್ತೆ. ಅವನು ಅಂಗಳದಲ್ಲಿ ಸುಲಿಯುತ್ತಿದ್ದರೆ ನಾನು ಎದುರಿಗೆ ಕುರ್ಚಿ ಹಾಕಿಕೊಂಡು, ಕಣ್ಣು ಅರೆಮುಚ್ಚಿ, ಮುಗುಳ್ನಗುತ್ತಾ ಕೂತೆ. ಎರಡು ಉಂಡೆ ಒಡೆದವು, ಸುಮ್ಮನಿದ್ದೆ. ಮೂರನೆಯದೂ ಒಡೆಯಿತು. ಅವನು ನನ್ನ ಮುಖ ನೋಡಿದ. ಇನ್ನಷ್ಟು ಮುಗುಳ್ನಕ್ಕೆ. ಅವನು ಕೈ ಒರೆಸಿಕೊಂಡು ಎದ್ದೇಬಿಟ್ಟ.

"ನಾ ಬತ್ತೀನಿ ಕಣಮ್ಮ" ಎಂದ ಗಿರಿಜೆಗೆ. "ಮೇಷ್ಟ್ರು ಬೈದ್ರೆ ಬೈದ್ರು ಅಂತ ಗೊತ್ತಾಯ್ತದೆ. ಹಿಂಗೆ ಸುಮ್ಕೆ ಕುಂತ್ರೆ ಮನಸ್ನಾಗೆ ಏನೋ ಮಡಿಕ್ಕೊಂಡವ್ರೆ ಅಂತ ಅರ್ಥ. ಕೈಯೇ ಓಡ್ತಿಲ್ಲ."

"ಹೋದ ವರ್ಷ ಬೈದಿದ್ದಕ್ಕೇ ಅಲ್ವೇನಪ್ಪ ನೀನು ಹೋಗಿದ್ದು?" ಎಂದಳು ಅವಳು.

"ಮಗಳ ಬಾಣಂತನಕ್ಕೆ ಹೋದೆ ಕಣಮ್ಮ. ಹೇಳೇ ಹೋದೆ. ಮೇಷ್ಟ್ರು ಕೂಗಾಡ್ತಿದ್ರು, ಕೇಳಿಸ್ಕಳ್ಳಿಲ್ಲ."

ಅವನು ಆಗಲೇ ಗೇಟು ತೆಗೆಯುತ್ತಿದ್ದ. "ಲೋ ಸಿದ್ದಪ್ಪ, ಮೂರು ಉಂಡೆ ಒಡೆದು ಎಲ್ಲಿಗೋ ಹೋಗ್ತೀಯ? ಬಂದು ಕೂತ್ಕೊಳೋ ಮುಠ್ಠಾಳ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. "ಬುಡಿ, ಈಗ ಸರಿಹೋದ್ರಿ" ಎಂದು ಅವನು ನಗುತ್ತಾ ಬಂದು ಕೂತ. ಮುಂದೆ ಒಂದೂ ಉಂಡೆ ಒಡೆಯಲಿಲ್ಲ.

ಆದರೆ ಕೂಗುತ್ತಿದ್ದಾಗ ಒಂದು ವಿಚಿತ್ರ ಕಂಡೆ. ಒಳಗೆ ನೋಡಿಕೊಂಡರೆ ಕೋಪವೇ ಇರಲಿಲ್ಲ. ಬೆಳಗಿನ ಆ ಶಾಂತಿ ಇದ್ದಲ್ಲೇ ಇತ್ತು. ಸಾಧನೆ ಕೈಗೂಡಿತೆಂದು ಹಿಗ್ಗಿ ಊಟದ ಹೊತ್ತಿಗೆ ಗಿರಿಜೆಗೆ ಹೇಳಿದೆ. ಅವಳು ಸಾರಿನ ಸೌಟು ಕೆಳಗಿಟ್ಟಳು.

"ಹಾಗಾದ್ರೆ ಇಷ್ಟು ವರ್ಷ ನನ್ನನ್ನ ಬೈದಿದ್ದು? ಕೋಪ ಇತ್ತೋ, ಇರಲಿಲ್ವೋ?"

ಇತ್ತು ಎಂದರೂ ಕಷ್ಟ, ಇರಲಿಲ್ಲ ಎಂದರೆ ಇನ್ನೂ ಕಷ್ಟ. ಪೂಜೆಗೆ ಹೊತ್ತಾಯಿತೆಂದು ಮಟಮಟ ಮಧ್ಯಾಹ್ನ ಎದ್ದು ಒಳಗೆ ಹೋದೆ.