ಗಾಳಿ ಬಿದ್ದಾಗ ನಿಲ್ಲುವ ಗಿರಣಿ

ಕಿಮಿಲಿಲಿ ಪೇಟೆಯ ಮಕೋಖಾನ ಮೆಕ್ಕೆಜೋಳದ ಗಿರಣಿ ಆ ಬೆಳಿಗ್ಗೆ ಮತ್ತೆ ಗಕ್ಕನೆ ನಿಂತಿತು. ಗೋಡೆಯ ಮೇಲೆ, ದೂರದಿಂದಲೇ ಕರೆಂಟು ನಿಲ್ಲಿಸಬಲ್ಲ ಹೊಸ ಸ್ಮಾರ್ಟ್ ಮೀಟರ್ ಕೆಂಪು ದೀಪ ಮಿಟುಕಿಸಿತು. ಮಕೋಖಾನಿಗೆ ಮೈಯೆಲ್ಲ ಉರಿದುಹೋಯಿತು.

"ಉತ್ತರದ ಕಡೆ ಗಾಳಿ ಬಿದ್ದಿದೆಯಂತೆ," ಎಂದ ಪಕ್ಕದ ಕ್ಷೌರದಂಗಡಿಯ ಬರಾಸಾ. "ಕರೆಂಟು ಕೊಡೋ ಗಾಳಿಕಂಬ ತಿರುಗ್ತಿಲ್ಲ. ಅದಕ್ಕೇ ದೊಡ್ಡ ಮಿಷನ್ನೆಲ್ಲ ನಿಲ್ಲಿಸ್ತಾರೆ."

"ಎಲ್ಲಿ ಎಲ್ಲ? ಸಂತೆ ಹತ್ರದ ಗಿರಣಿ ಓಡ್ತಾನೇ ಇದೆ," ಎಂದು ಸಾಲಿನಲ್ಲಿ ಮುಂದಿದ್ದ ನಾಫುಲಾ ತನ್ನ ಜೋಳದ ಚೀಲ ತಲೆಗೇರಿಸಿದಳು. "ನಿನ್ನ ಗಾಳಿ ಬರೋತನಕ ನನ್ನ ಮಕ್ಕಳು ಉಪವಾಸ ಇರ್ಬೇಕಾ?"

ಅವಳ ಹಿಂದೆ ಸಾಲೆಲ್ಲ ಕರಗಿತು. ಹೀಗೇ ಆದರೆ ಗಿರಣಿಗೆ ಬೀಗವೇ ಗತಿ. ಮಕೋಖಾ ಮೀಟರಿಗೆ ಜಾಡಿಸಿ ಒದ್ದ. ಕಾಲ್ಬೆರಳು ಊದಿತು, ಮೀಟರಿಗೆ ಏನೂ ಆಗಲಿಲ್ಲ. ಕುಂಟುತ್ತ ವಿದ್ಯುತ್ ಕಚೇರಿಗೆ ಹೊರಟವನ ಹಿಂದೆ ಬರಾಸಾ ಹೊರಟ. ಬರಾಸಾನ ಹಿಂದೆ ಅರ್ಧ ತಲೆ ಬೋಳಿಸಿಕೊಂಡಿದ್ದ ಗಿರಾಕಿಯೂ ಹೊರಟ.

ಕಚೇರಿಯ ಚೆಬೆಟ್ ಕಂಪ್ಯೂಟರ್ ನೋಡಿದಳು. "ಕೇಳ್ದೆ ನಾವು ನಿಲ್ಸಲ್ಲ. ಗಾಳಿ ಕಡಿಮೆಯಾದ್ರೆ 'ದಯವಿಟ್ಟು ಸ್ವಲ್ಪ ಹೊತ್ತು ನಿಲ್ಲಿಸಬಹುದೇ' ಅಂತ ಫೋನಿಗೆ ಮೆಸೇಜ್ ಬರುತ್ತೆ. ಸಂತೆ ಗಿರಣಿಯವರು ಇಲ್ಲ ಅಂತಾರೆ. ನೀವು ಪ್ರತಿ ಸಲ ಹೂಂ ಅಂದಿದೀರಿ."

"ನಾನಾ? ಯಾವ ಮುಠ್ಠಾಳ ಹೂಂ ಅಂದಿದ್ದು? ಹಾಕಿ ಅವನಿಗೆ ಫೋನು."

ಅವಳು ಮೆಸೇಜ್ ಹೋಗುತ್ತಿದ್ದ ನಂಬರಿಗೆ ಸ್ಪೀಕರ್ ಒತ್ತಿ ಕರೆ ಮಾಡಿದಳು. ಅತ್ತ ಎತ್ತಿದ್ದೇ ತಡ, ಮಕೋಖಾ ಅಬ್ಬರಿಸಿದ. "ಏಯ್, ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ನೀನ್ಯಾರೋ? ನಾಲಿಗೆ ಸೀಳಿಬಿಡ್ತೀನಿ. ಧೈರ್ಯ ಇದ್ರೆ ಎದುರಿಗೆ ಬಾ."

ಅತ್ತ ಯಾರೋ ಕೆಮ್ಮಿದರು.

"ಅಳಿಯಂದ್ರಾ?" ಎಂದಿತು ಮುದಿ ದನಿ.

ಮಕೋಖಾ ಫೋನಿನಿಂದ ಎರಡು ಹೆಜ್ಜೆ ಹಿಂದೆ ಸರಿದ. ಮೀಟರಿಗೆ ಕೊಟ್ಟಿದ್ದ ನಂಬರಿನ ಸಮೇತ ಹಳೇ ಫೋನನ್ನು ಕ್ರಿಸ್‌ಮಸ್ಸಿಗೆ ಅತ್ತೆಗೆ ಕಳಿಸಿದ್ದವನು ಅವನೇ. ಅವರ ಜನರ ಪದ್ಧತಿಯಲ್ಲಿ ಅತ್ತೆ ದಾರಿಯಲ್ಲಿ ಕಂಡರೆ ಅಳಿಯ ಮರ್ಯಾದೆಗೆ ಪೊದೆಯೊಳಗೆ ಸರಿದು ನಿಲ್ಲಬೇಕು. ಇವನು ಎದುರಿಗೆ ಬಾ ಎಂದಿದ್ದ. ಬರಾಸಾ ಬಾಯಿಯ ಮೇಲೆ ಕೈಯಿಟ್ಟುಕೊಂಡ.

"ಯಾರೋ ದಯವಿಟ್ಟು ಅಂತ ಕೇಳ್ತಾರಪ್ಪ, ಹೂಂ ಅಂತಿದ್ದೆ," ಎಂದಳು ಅತ್ತೆ. "ನಿಮ್ಮ ಗಿರಣಿ ಅಂತ ಗೊತ್ತಿರ್ಲಿಲ್ಲ. ಈಗ ನಾಳೆಗೂ ಕೇಳಿದಾರೆ. ಇಲ್ಲ ಅಂದ್ಬಿಡ್ಲಾ?"

ಕಚೇರಿಗೆ ಕಚೇರಿಯೇ ಅವನನ್ನು ನೋಡುತ್ತಿತ್ತು. ಅಷ್ಟು ಬೈದ ಬಾಯಲ್ಲಿ ಇನ್ನು ಅಪ್ಪಣೆ ಕೊಡುವುದು ಹೇಗೆ? ಮಕೋಖಾ ಹಲ್ಲು ಕಚ್ಚಿ ಹೇಳಿದ. "ನಿಮ್ಮಿಷ್ಟ, ಅಮ್ಮ."

"ಹಾಗಾದ್ರೆ ಹೂಂ ಅಂತೀನಿ," ಎಂದಳು ಅತ್ತೆ. "ಅವ್ರಾದ್ರೂ ಮರ್ಯಾದೆಯಿಂದ ಮಾತಾಡಿಸ್ತಾರೆ."