ತಿಂಗಳಿಗೆ ಹನ್ನೆರಡು ಸೀರೆ

ನಮ್ಮ ಕಾಕಾನಿಗೆ ಅರವತ್ತು ದಾಟಿದರೂ ಒಂದು ಬೆಂಕಿಪೆಟ್ಟಿಗೆಯ ಬೆಲೆ ಗೊತ್ತಿರಲಿಲ್ಲ ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ, ಅಂಗಡಿಯವರೂ ನಂಬಿರಲಿಲ್ಲ! ಬೆಟಗೇರಿಯ ಮನೆಯಲ್ಲಿ ಕೈಮಗ್ಗದ ಮುಂದೆ ಕುಳಿತು ಸೀರೆ ನೇಯುವುದು, ಮಜೂರಿ ತಂದು ಕಾಕಿಯ ಕೈಗೆ ಹಾಕುವುದು, ಕರೆದಾಗ ಊಟಕ್ಕೆ ಏಳುವುದು, ಇಷ್ಟೇ ಅವನ ಸಂಸಾರ. ಬಂದವರ ಮುಂದೆಲ್ಲ, "ಈ ಮನಿ ನಡಿಯೂದು ನನ್ನ ಕೈಮ್ಯಾಲ" ಎಂದು ಹೇಳಿಕೊಳ್ಳುವುದೊಂದು ಚಟ. ಕಾಕಿ ಸುಮ್ಮನೆ ನಕ್ಕು ಒಳಗೆ ಹೋಗುತ್ತಿದ್ದಳು.

ಹೋದ ವರ್ಷ ಕಾಕಿ ತೀರಿಕೊಂಡಳು. ನಾಲ್ಕು ದಿನದ ಜ್ವರ, ಅಷ್ಟೇ. ಮನೆಯಲ್ಲಿ ಉಳಿದವರು ಕಾಕಾ ಮತ್ತು ಗದಗಿನಲ್ಲಿ ನರ್ಸಿಂಗ್ ಓದುತ್ತಿದ್ದ ಮಗಳು.

ದಿನಕರ್ಮ ಮುಗಿದ ಮೇಲೆ ಕಾಕಾ ಜೀವನದಲ್ಲೇ ಮೊದಲ ಸಲ ಕೈಚೀಲ ಹಿಡಿದು ಕಿರಾಣಿ ಅಂಗಡಿಗೆ ಹೋದ. "ಒಂದ ಸೀರಿಗೆ ಎಷ್ಟ ಜ್ವಾಳ ಬರ್ತಾವು?" ಎಂದು ಕೇಳಿದ. ಅಂಗಡಿಯವನು ಗಾಬರಿಯಾಗಿ, "ಕಾಕಾ, ಹಳೇ ಸೀರಿ ತಗೊಂಡು ಪಾತ್ರಿ ಕೊಡಾಂವ ನಾ ಅಲ್ರಿ" ಎಂದನಂತೆ. ಕಾಕಾ ಕೇಳಿದ್ದರಲ್ಲಿ ತಪ್ಪೇನಿತ್ತು ಹೇಳಿ? ಅವನಿಗೆ ಗೊತ್ತಿದ್ದದ್ದು ಒಂದೇ ಬೆಲೆ, ಒಂದು ಸೀರೆ ನೇಯ್ದರೆ ಸಿಗುವ ಮಜೂರಿ.

ತಿಂಗಳು ತುಂಬುವ ಮೊದಲೇ ಕೈ ಖಾಲಿಯಾಯಿತು. ಮಗಳ ಫೀ ಕಟ್ಟುವ ದಿನವೂ ಹತ್ತಿರ ಬಂತು. ಕಾಕಾ ನನಗೆ ಫೋನ್ ಮಾಡಿದ. "ನೀ ಸಾಲ್ಯಾಗ ಲೆಕ್ಕಾ ಕಲಸಾಂವ. ಬಂದು ಮನಿ ಖರ್ಚಿಂದು ಒಂದ ಯಾದಿ ಮಾಡಿ ಕೊಡು."

ಭಾನುವಾರ ಹೋದೆ. ನೋಟ್‌ಬುಕ್ಕು ತೆರೆದು, "ರೂಪಾಯಿದಾಗ ಹೇಳ್ರಿ ಕಾಕಾ" ಎಂದೆ.

"ರೂಪಾಯಿದಾಗ ನನಗ ತಿಳಿಯಂಗಿಲ್ಲೋ. ಸೀರಿದಾಗ ಬರಿ."

ಇಪ್ಪತ್ತು ವರ್ಷ ಲೆಕ್ಕ ಕಲಿಸಿದ ನಾನು ಆ ದಿನ ಹೊಸ ಲೆಕ್ಕ ಕಲಿತೆ. ಗ್ಯಾಸಿಗೆ ಒಂದು ಸೀರೆ. ಕರೆಂಟಿಗೆ ಅರ್ಧ ಸೀರೆ. ಉಪ್ಪಿಗೆ ಅಂಚಿನ ಎರಡು ಎಳೆ! ಖರ್ಚು ಕಡಿಮೆ ಮಾಡೋಣವೆಂದಾಗ ಕಾಕಾ ಎದೆ ಸೆಟೆಸಿ, "ಚಾ ಬಿಟ್ಟೆ, ಹೊಡಿ ಕಾಟು" ಎಂದ. ಅರ್ಧ ತಾಸಿನಲ್ಲಿ ಮಗಳು ಎರಡು ಕಪ್ ಚಹಾ ತಂದಿಟ್ಟಳು. ನಾನು ಅವನ ಮುಖ ನೋಡಿದೆ.

"ನೀ ಬಂದಿ ಅಂತ ಮಾಡಿಸೀನಿ. ಇದನ್ನ ನಿನ್ನ ಹೆಸರಿಗೆ ಬರಿ!"

ಎಷ್ಟು ಕಾಟು ಹೊಡೆದರೂ ಮೊತ್ತ ಹನ್ನೆರಡು ಸೀರೆಗೆ ಬಂದು ನಿಂತಿತು. ಕಾಕಾ ತಿಂಗಳಿಗೆ ನೇಯುವುದು ಹತ್ತು. ಮಗಳ ಓದಿಗೆ ಬೇಕಾದದ್ದು ಸರಿಯಾಗಿ ಎರಡು.

ಮಗಳು ನೋಟ್‌ಬುಕ್ಕು ನೋಡಿ ಮೆಲ್ಲಗೆ, "ಅಪ್ಪಾ, ನಾ ಕಾಲೇಜ್ ಬಿಡ್ತೀನಿ. ಅಂಗಡ್ಯಾಗ ಕೆಲಸ ಸಿಗ್ತೈತಿ" ಎಂದಳು.

"ಸುಮ್ನಿರು! ನಿಮ್ಮವ್ವ ಇದ್ದಾಗೂ ನಾ ನೇಯ್ತಿದ್ದದ್ದು ಹತ್ತ ಸೀರಿನ. ಆಗ ಹೆಂಗ ನಡೀತಿತ್ತು?"

ಹುಡುಗಿ ತಲೆ ತಗ್ಗಿಸಿದಳು. "ಅವ್ವ ಮಧ್ಯಾಹ್ನ ಬಾಜೂ ಮನಿಗೆ ಹೋಗ್ತಿದ್ಲಲ್ಲ, ಸೆರಗಿಗೆ ಕುಚ್ಚು ಕಟ್ಟಾಕಪಾ. ನನ್ನ ಫೀ ಆ ರೊಕ್ಕದಾಗ ಕಟ್ಟತಿದ್ಲು."

"ಹರಟಿ ಹೊಡ್ಯಾಕ ಹೋಗ್ತಾಳಂತ ನಾ ದಿನಾ ಬೈತಿದ್ದೆ" ಎಂದ ಕಾಕಾ. ಇಷ್ಟು ಹೊತ್ತು ಒಳಗೊಳಗೇ ನಗುತ್ತಿದ್ದ ನನಗೆ ನಾಚಿಕೆಯಾಯಿತು. ಆ ಮನೆಯ ಲೆಕ್ಕ ನನಗೂ ಗೊತ್ತಿರಲಿಲ್ಲ, ಒಂದು ದಿನವೂ ನಾನು ಕಾಕಿಯನ್ನು ಕೇಳಿರಲಿಲ್ಲ.

ಕಾಕಾ ಮಗಳ ಕಡೆ ತಿರುಗಿದ. "ನಿನಗ ಕುಚ್ಚು ಕಟ್ಟಾಕ ಬರ್ತೈತೇನು?"

"ಅವ್ವ ಕಲಿಸ್ಯಾಳ."

"ಹಂಗಾರ ನನಗ ಕಲಸು. ನೀ ಓದು, ನಾ ಕಟ್ತೀನಿ."

ಮಗಳು ಒಂದು ಸೀರೆಯ ಸೆರಗು ಬಿಡಿಸಿ ತೋರಿಸಿದಳು. ನಲವತ್ತು ವರ್ಷ ಲಾಳಿ ಓಡಿಸಿದ ಕೈ ನಾಲ್ಕು ಎಳೆ ಹೊಸೆಯಲು ತಡವರಿಸಿತು. ಮೊದಲನೆಯ ಕುಚ್ಚು ಸೊಟ್ಟಗಾಯಿತು, ಎರಡನೆಯದು ಬಿಚ್ಚಿಕೊಂಡಿತು. ಮೂರನೆಯದು ನಿಂತಿತು. ಅದನ್ನು ಬೆರಳಲ್ಲಿ ಹಿಡಿದುಕೊಂಡೇ ಕಾಕಾ ಅತ್ತುಬಿಟ್ಟ.

"ಹೇಳಿದ್ರ ನಾ ಬ್ಯಾಡ ಅಂತಿದ್ದೆ ಲೇ ತಮ್ಮಾ" ಎಂದ ನನಗೆ. "ಅದಕ್ಕ ಹೇಳಲಿಲ್ಲ ಆಕಿ."