ಟವೆಲ್ ಹೊದ್ದ ಕುರ್ಚಿ ಮತ್ತು ನಾನು

ಕುರ್ಚಿ ಸಿಗಲಿಲ್ಲವೆಂದು ಕೊರಗುವವರನ್ನು ಬೇಕಾದಷ್ಟು ನೋಡಿದ್ದೇನೆ. ಸಿಕ್ಕಿದ ಕುರ್ಚಿಗೆ ಹೆದರಿ ಎದುರಿನ ಕುರ್ಚಿಯಲ್ಲಿ ಕೂತವಳು, ನನಗೆ ತಿಳಿದ ಮಟ್ಟಿಗೆ, ನಾನೊಬ್ಬಳೇ. ಮಸ್ಕಿಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸಿಕೊಂಡು ಹಾಯಾಗಿದ್ದೆ. ಮುಖ್ಯೋಪಾಧ್ಯಾಯರು ನಿವೃತ್ತರಾದರು, ಸೇವೆಯಲ್ಲಿ ಹಿರಿಯಳೆಂಬ ಒಂದೇ ಕಾರಣಕ್ಕೆ ಪ್ರಭಾರ ನನ್ನ ತಲೆಗೆ ಬಂತು. ನನಗೆ ಬರುವುದು ಬೀಜಗಣಿತ, ಆಡಳಿತವಲ್ಲ. ಯಾರೋ ದೊಡ್ಡವರ ಹುದ್ದೆ ದಾರಿ ತಪ್ಪಿ ನನ್ನ ಹತ್ತಿರ ಬಂದಿದೆ, ಇವತ್ತಲ್ಲ ನಾಳೆ ಯಾರಾದರೂ ಬಂದು "ಏಳ್ರಿ ಮೇಡಂ, ತಪ್ಪಾಗೇತಿ" ಅನ್ನುತ್ತಾರೆ ಎಂದು ಕಾಯುತ್ತಿದ್ದೆ. ಸಿಂಧನೂರಿನಿಂದ ಬರುವ ಬಸ್ಸಿನಲ್ಲಿ ಉಚಿತ ಟಿಕೆಟ್ಟಿಗೆ ಆಧಾರ್ ತೋರಿಸುವಾಗ ಕಂಡಕ್ಟರ್ "ಇದು ನೀವೇ ಏನ್ರಿ?" ಅಂದರೆ, ಹೌದು ಅನ್ನಲೂ ತಡವರಿಸುತ್ತಿದ್ದೆ.

ನನ್ನ ತಂಗಿ ಮೊಬೈಲಿನಲ್ಲಿ ಹುಡುಕಿ, "ಅಕ್ಕಾ, ಇದಕ್ಕ ಇಂಪೋಸ್ಟರ್ ಸಿಂಡ್ರೋಮ್ ಅಂತಾರ, ನಾ ಖೋಟಾ ಅನ್ನೋ ಅಂಜಿಕಿ. ಶ್ಯಾಣ್ಯಾರಿಗೇ ಬರ್ತೈತಂತ" ಎಂದಳು. ರೋಗಕ್ಕೊಂದು ಇಂಗ್ಲಿಷ್ ಹೆಸರು ಸಿಕ್ಕಿದ್ದು ಸಮಾಧಾನವೇ. ಆದರೆ ಜಾಣರಿಗೆ ಬರುವ ರೋಗ ನನಗೂ ಬಂದಿದೆ ಎಂದು ಹೇಳಿಕೊಳ್ಳಲು ನನಗೆ ಯೋಗ್ಯತೆ ಇದೆಯೇ ಎಂಬ ಹೊಸ ಅನುಮಾನ ಅದರ ಜೊತೆಗೇ ಬಂತು.

ನಮ್ಮ ಕಚೇರಿಗಳಲ್ಲಿ ಅಧಿಕಾರದ ಕುರ್ಚಿಯನ್ನು ಗುರುತಿಸುವುದು ಕಷ್ಟವಲ್ಲ. ಅದರ ಬೆನ್ನಿಗೊಂದು ಬಿಳಿ ಟವೆಲ್ ಹೊದಿಸಿರುತ್ತಾರೆ. ಅದು ಯಾಕೆಂದು ಯಾರೂ ಕೇಳುವುದಿಲ್ಲ, ಟವೆಲ್ ಇದ್ದಲ್ಲಿ ಸಾಹೇಬರು ಅಷ್ಟೇ. ನಾನು ಮಾತ್ರ ಮೇಜಿನ ಈಚೆ, ಬಂದವರು ಕೂಡುವ ಮರದ ಕುರ್ಚಿಯಲ್ಲಿ ಕೂತು ಕಡತ ನೋಡುತ್ತಿದ್ದೆ. ಕೇಳಿದವರಿಗೆ ಇಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎನ್ನುತ್ತಿದ್ದೆ. ಫ್ಯಾನು ಇದ್ದದ್ದು ಟವೆಲ್ ಕುರ್ಚಿಯ ತಲೆಯ ಮೇಲೆ.

ಕೊನೆಗೆ ಒಂದು ದಿನ ತೀರ್ಮಾನ ಮಾಡಿಯೇಬಿಟ್ಟೆ. ಮಧ್ಯಾಹ್ನದ ಬಸ್ಸಿಗೆ ಲಿಂಗಸುಗೂರಿಗೆ ಹೋಗಿ, ಮೇಲಧಿಕಾರಿಗಳ ಮುಂದೆ ಕೈಮುಗಿದು, ಪ್ರಭಾರ ಬೇರೆ ಯಾರಿಗಾದರೂ ಕೊಡಿ ಎಂದು ಕೇಳಿಕೊಳ್ಳುವುದು. ಅಷ್ಟರಲ್ಲಿ ಪಾಮನಕಲ್ಲೂರಿನಿಂದ ದುರುಗಮ್ಮ ಎಂಬ ಹೆಂಗಸು ಬಂದಳು. "ಹೆಡ್ ಮೇಡಂ ಬಂದಾರೇನ್ರಿ?" ಎಂದು ನನ್ನನ್ನೇ ಕೇಳಿದಳು. ನಾನೇ ಅನ್ನಬೇಕಾದ ಬಾಯಿಂದ, "ಬರ್ತಾರ, ಕುಂದರ್ರಿ" ಎಂಬ ಮಾತು ಹೊರಟಿತು.

ಕೂತಳು. ಕಿರಿಯ ಮಗಳನ್ನು ಎಂಟನೆಯ ತರಗತಿಗೆ ಸೇರಿಸಬೇಕಂತೆ, ದಾಖಲಾತಿಗೆ ಅದೇ ಕೊನೆಯ ದಿನ. "ಇವತ್ತ ಮೇಡಂ ಸೈ ಬೀಳದಿದ್ರ ನಮ್ಮ ಹುಡುಗಿ ಮನ್ಯಾಗ ಕುಂದರ್ತಾಳ್ರಿ. ಅವರಪ್ಪ ಅದನ್ನ ಕಾಯಾಕತ್ತ್ಯಾನ."

ನನಗೆ ಸಂಕಟವಾಯಿತು. ಆದರೂ ನಾಲಿಗೆ ಸುಮ್ಮನಿರಲಿಲ್ಲ. "ಹೊಸ ಮೇಡಂಗ ಅಷ್ಟೇನೂ ತಿಳಿಯಂಗಿಲ್ಲ ಅಂತಾರ್ರಿ" ಎಂದೆ.

ದುರುಗಮ್ಮ ನನ್ನ ಮೇಲೆ ಹರಿಹಾಯ್ದಳು. "ಯಾರ್ರೀ ಹಂಗ ಅಂದವ್ರು? ನಮ್ಮ ದೊಡ್ಡಾಕಿ ಶರಣಮ್ಮ ಲೆಕ್ಕದಾಗ ಫೇಲಾಗಿ ಅಳಕೊಂತ ಕುಂತಿದ್ಳು. ಈ ಮೇಡಂ ಸಾಲಿ ಬಿಟ್ಟ ಮ್ಯಾಲೂ ಕುಂದರಿಸಿಕೊಂಡು ಕಲಿಸ್ಯಾರ. ಈಗ ಆಕಿ ಲಿಂಗಸೂರಾಗ ನರ್ಸ್ ಆಗ್ಯಾಳ. ಆ ಮೇಡಂ ಬೋರ್ಡಿನ ಮುಂದ ನಿಂತ್ರ ಲೆಕ್ಕ ತಾವಾಗೇ ಬಿಡಿಸಿಕೊಳ್ತಾವಂತ! ಆಗೆಲ್ಲ ನಮ್ಮ ತಮ್ಮನೇ ಸಾಲಿಗೆ ಬರ್ತಿದ್ದ, ನಾ ಅವರ ಮುಖ ಕಂಡಿಲ್ಲ. ಆದ್ರ ಅವರು ಹೆಡ್ ಆಗ್ಯಾರಂತ ಕೇಳಿ ಸಣ್ಣಾಕೀನೂ ಇಲ್ಲೇ ಹಾಕಾಕ ಬಂದೀನಿ."

ಶರಣಮ್ಮ ನೆನಪಾದಳು. ಭಿನ್ನರಾಶಿ ಅಂದರೆ ಕಣ್ಣು ಒರೆಸಿಕೊಳ್ಳುತ್ತಿದ್ದ ಹುಡುಗಿ. ನನಗೇ ಗೊತ್ತಾಗದ ಹಾಗೆ ಎದ್ದೆ, ಮೇಜು ಸುತ್ತಿ ಹೋಗಿ ಟವೆಲ್ ಕುರ್ಚಿಯಲ್ಲಿ ಕೂತೆ.

"ಅಯ್ಯ ಯವ್ವಾ! ಏಳ್ರಿ, ಏಳ್ರಿ! ಅದು ಮೇಡಂ ಕುರ್ಚಿ! ನೋಡಿದ್ರ ಬೈತಾರ!"

ಇಷ್ಟು ದಿನ ನಾನು ಹೆದರಿ ಕಾಯುತ್ತಿದ್ದ ಮಾತು ಕೊನೆಗೂ ಬಂದಿತ್ತು. ವಿಚಿತ್ರವೆಂದರೆ, ಏಳಬೇಕು ಅನ್ನಿಸಲಿಲ್ಲ. "ನಾನೇ ರೀ ಆ ಮೇಡಂ" ಎಂದೆ. ಅರ್ಜಿ ತೆಗೆದುಕೊಂಡು ಸಹಿ ಮಾಡಿ, ಮೊಹರು ಒತ್ತಿದೆ. ಎದೆಯ ಮೇಲಿನ ಭಾರ ಇಳಿದು ನಗು ಬಂತು.

ದುರುಗಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀವೇನ್ರಿ? ಹಂಗಾರ ನಾ ಹೇಳಿದ್ದು ಸ್ವಲ್ಪ ಹೆಚ್ಚಾತು ಬಿಡ್ರಿ. ಲೆಕ್ಕ ತಾವಾಗೇ ಏನ್ ಬಿಡಿಸಿಕೊಳ್ಳಂಗಿಲ್ಲ. ನಮ್ಮ ಹುಡುಗೀನೂ ಓದ್ಯಾಳ, ನೀವೂ ಕಲಿಸೀರಿ."

ದೊಡ್ಡ ಹೊಗಳಿಕೆ ಯಾವಾಗಲೂ ನನಗೆ ಬೇರೆಯವರ ರವಿಕೆ ತೊಟ್ಟ ಹಾಗಿರುತ್ತಿತ್ತು. ದುರುಗಮ್ಮ ಕತ್ತರಿಸಿದ ಮೇಲೆ ಉಳಿದದ್ದು ಸರಿಯಾಗಿ ನನ್ನ ಅಳತೆಯದಾಗಿತ್ತು. ಹೌದಲ್ಲ, ಕಲಿಸಿದ್ದೇನೆ. ಇದನ್ನು ನಂಬಲು ಏನೂ ಕಷ್ಟವಾಗಲಿಲ್ಲ. ಲಿಂಗಸುಗೂರಿನ ಬಸ್ಸು ಅವತ್ತು ನಾನಿಲ್ಲದೆಯೇ ಹೋಯಿತು.

ಬಾಗಿಲವರೆಗೆ ಹೋದ ದುರುಗಮ್ಮ ಏನೋ ಹೊಳೆದು ತಿರುಗಿದಳು. "ಅಲ್ರೀ, ಹಂಗಾರ ನಿಮ್ಮ ಮ್ಯಾಲೆ ನೀವೇ ಚಾಡಿ ಹೇಳಿದ್ರೇನು? ಇನ್ನೊಮ್ಮಿ ಹಂಗ ಮಾಡಬ್ಯಾಡ್ರಿ. ನಮ್ಮ ಹುಡುಗಿ ಇಲ್ಲೇ ಓದೋದೈತಿ, ಸಾಲಿ ಹೆಸರು ಕೆಡತೈತಿ."

"ಇಲ್ರೀ, ಇನ್ನ ಹೇಳಂಗಿಲ್ಲ" ಎಂದೆ. ಮುಖ್ಯೋಪಾಧ್ಯಾಯಿನಿಯಾಗಿ ಆ ಕೋಣೆಯಲ್ಲಿ ಸರಿಯಾಗಿ ಕೂತ ಮೊದಲ ದಿನವೇ ಬೈಸಿಕೊಂಡವಳು ನಾನು.